ಕನ್ನಡ ಲಿಪಿಯ ಗಣಕ ಸಂಕೇತ: ಸ್ಥಿರತೆ ಮತ್ತು ದೋಷನಿವಾರಣೆಯ ಇತಿಹಾಸ
(ರೋಣ, ನರಗುಂದ, ಗಜೇಂದ್ರಗಡ ಪರಿಸರದ ದಾಖಲೆಗಳ ಹಿನ್ನೆಲೆಯಲ್ಲಿ)

ಪೀಠಿಕೆ

ಹಿಂದಿನ ಅವಿಭಕ್ತ ರೋಣ ತಾಲ್ಲೂಕಿನ ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಆಡಳಿತಕ್ಕೆ ಸೇರಿದ್ದ ಪ್ರಮುಖ ಪಟ್ಟಣ. ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿಯ ಹೆಸರಿನೊಡನೆ ಈ ಊರಿನ ಇತಿಹಾಸ ಹೆಣೆದುಕೊಂಡಿದೆ. ಇಲ್ಲಿಯ ಶಿಲಾಶಾಸನಗಳನ್ನು ಎಲ್.ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದಕ್ಕೂ ಮೊದಲು ಜೆ.ಎಫ್. ಫ್ಲೀಟ್ ಅವರು, ಗಂಗ ಬೂತುಗನು ಶಕ 860ರಲ್ಲಿ ನೀಡಿದನೆಂದು ಹೇಳಿಕೊಳ್ಳುವ ಸೂಡಿಯ ತಾಮ್ರಪಟವನ್ನು ಅದೇ ಮಾಲೆಯಲ್ಲಿ ಪ್ರಕಟಿಸಿ, ಅದು ಕೂಟಶಾಸನವೆಂದು ನಿರ್ಣಯಿಸಿದರು. ಕೂಟವೆಂದು ತೀರ್ಮಾನಿಸಿದ ಮೇಲೂ ಅದರ ಪಾಠವನ್ನು ಅವರು ತಿದ್ದಲಿಲ್ಲ. ಪಟದಲ್ಲಿದ್ದುದನ್ನು ಇದ್ದಂತೆ ಅಚ್ಚು ಮಾಡಿಸಿ, ತಮ್ಮ ತೀರ್ಮಾನವನ್ನು ಪ್ರತ್ಯೇಕವಾಗಿ ದಾಖಲಿಸಿದರು. ಲಿಪಿಕಾರನ ತಪ್ಪುಗಳನ್ನು ಪಾಠದೊಳಗೆ ಅಳಿಸದೆ, ಕಂಸದಲ್ಲಿ ಅಥವಾ ಅಡಿಟಿಪ್ಪಣಿಯಲ್ಲಿ ಸರಿಯಾದ ರೂಪವನ್ನು ಸೂಚಿಸುವುದು ಶಾಸನ ಸಂಪಾದನೆಯ ಸರ್ವಮಾನ್ಯ ಕ್ರಮ.

ಈ ಕ್ರಮದ ಹಿಂದಿರುವ ವಿವೇಕವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಗಣಕ ತಂತ್ರಜ್ಞಾನದಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಅನೇಕರು ನಂಬಿ ಬಳಸುತ್ತಿರುವ ಒಂದು ಏರ್ಪಾಡಿನಲ್ಲಿ ತಪ್ಪು ಕಂಡುಬಂದಾಗ ಅದನ್ನು ತಿದ್ದಬೇಕೆ, ಅಥವಾ ನಂಬಿದವರ ಹಿತಕ್ಕಾಗಿ ಹಾಗೆಯೇ ಉಳಿಸಬೇಕೆ ಎಂಬುದು ಆ ಪ್ರಶ್ನೆ. ಗಣಕದ ಕಾರ್ಯಾಚರಣ ವ್ಯವಸ್ಥೆಗಳನ್ನು ರೂಪಿಸಿದವರು ದಶಕಗಳಿಂದ ಈ ಪ್ರಶ್ನೆಯೊಡನೆ ಸೆಣಸಿದ್ದಾರೆ. ಕನ್ನಡ ಲಿಪಿಯೂ ಇದರಿಂದ ಹೊರತಾಗಲಿಲ್ಲ. ಕನ್ನಡದ ಒಂದು ಪ್ರಾಚೀನ ಅಕ್ಷರಕ್ಕೆ ಅಂತರರಾಷ್ಟ್ರೀಯ ಶಿಷ್ಟತೆಯಲ್ಲಿ ತಪ್ಪು ಹೆಸರು ಬಿದ್ದು, ಇಂದಿಗೂ ಅದೇ ಹೆಸರಿನಲ್ಲಿ ಉಳಿದಿರುವುದು ಇದಕ್ಕೆ ಉತ್ತಮ ನಿದರ್ಶನ. ಪ್ರಸ್ತುತ ಲೇಖನವು ಈ ಸಮಸ್ಯೆಯ ಇತಿಹಾಸವನ್ನು ರೋಣ, ನರಗುಂದ ಮತ್ತು ಗಜೇಂದ್ರಗಡ ಪರಿಸರದ ಶಾಸನ, ಭೂದಾಖಲೆ ಮತ್ತು ಸ್ಥಳನಾಮಗಳ ಉದಾಹರಣೆಗಳೊಂದಿಗೆ ಪರಿಶೀಲಿಸುತ್ತದೆ.

ಇಂಟರ್‌ಫೇಸ್ ಎಂಬ ಒಡಂಬಡಿಕೆ

ಗಣಕಶಾಸ್ತ್ರದಲ್ಲಿ ‘ಇಂಟರ್‌ಫೇಸ್’ ಎಂದರೆ ಎರಡು ಭಾಗಗಳು ಪರಸ್ಪರ ವ್ಯವಹರಿಸುವಾಗ ಎರಡೂ ಕಡೆಯವರು ನಂಬಿ ನಡೆಯುವ ಗೊತ್ತುಪಾಡು. ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ತಂತ್ರಾಂಶವು ಯಾವ ಹೆಸರಿನಿಂದ ಕರೆಯಬೇಕು, ಏನನ್ನು ಕೊಡಬೇಕು, ಏನನ್ನು ಪಡೆಯುತ್ತದೆ ಎಂಬುದೆಲ್ಲ ಇದರಲ್ಲಿ ನಿಗದಿಯಾಗಿರುತ್ತದೆ. ಇದು ಒಮ್ಮೆ ಬಳಕೆಗೆ ಬಂದ ಮೇಲೆ ಅದರ ಗುಣಗಳಂತೆ ದೋಷಗಳೂ ಬಳಕೆದಾರರ ಲೆಕ್ಕಾಚಾರದೊಳಗೆ ಸೇರಿಬಿಡುತ್ತವೆ.

ಯೂನಿಕ್ಸ್ ವ್ಯವಸ್ಥೆಯಲ್ಲಿ ಹೊಸ ಕಡತವನ್ನು ಸೃಷ್ಟಿಸುವ ಆಜ್ಞೆಯ ಹೆಸರಿನಲ್ಲಿ ಇಂಗ್ಲಿಷಿನ ‘ಕ್ರಿಯೇಟ್’ ಪದದ ಕೊನೆಯ ಅಕ್ಷರ ಬಿಟ್ಟುಹೋಗಿದೆ. ಯೂನಿಕ್ಸನ್ನು ಮತ್ತೆ ರೂಪಿಸುವುದಾದರೆ ಏನನ್ನು ಬದಲಿಸುವಿರಿ ಎಂದು ಕೇಳಿದಾಗ, ಅದರ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಆ ಅಕ್ಷರವನ್ನು ಸೇರಿಸುವೆನೆಂದು ಉತ್ತರಿಸಿದರೆಂಬುದು ಪ್ರಸಿದ್ಧ. ಉತ್ತರ ವಿನೋದದ್ದಾದರೂ ಅದರೊಳಗಿನ ಸಂಗತಿ ಗಂಭೀರವಾದುದು. ಆ ಹೆಸರನ್ನು ಬಳಸಿದ ತಂತ್ರಾಂಶಗಳು ಎಲ್ಲೆಡೆ ಹರಡಿದ ಮೇಲೆ ನಿರ್ಮಾತೃವಿಗೂ ಅದನ್ನು ತಿದ್ದುವ ಸ್ವಾತಂತ್ರ್ಯ ಉಳಿಯುವುದಿಲ್ಲ.

2010ರಲ್ಲಿ ಲಿನಕ್ಸ್ ಬಳಕೆದಾರರಿಗೆ ಇದಕ್ಕಿಂತ ತೀವ್ರವಾದ ಅನುಭವವಾಯಿತು. ಸ್ಮೃತಿಯ ಒಂದೆಡೆಯ ದತ್ತಾಂಶವನ್ನು ಇನ್ನೊಂದೆಡೆಗೆ ನಕಲಿಸುವ ಒಂದು ಮೂಲಕ್ರಿಯೆಯನ್ನು ಗ್ನೂ ಸಿ ಗ್ರಂಥಾಲಯದಲ್ಲಿ ಹೆಚ್ಚು ವೇಗಗೊಳಿಸಲಾಯಿತು. ನಕಲಿನ ಮೂಲಸ್ಥಾನ ಮತ್ತು ಗುರಿಸ್ಥಾನಗಳು ಒಂದರ ಮೇಲೊಂದು ಬೀಳಬಾರದೆಂಬ ನಿಯಮ ಮೊದಲಿನಿಂದಲೂ ಲಿಖಿತವಾಗಿತ್ತು. ಫ್ಲ್ಯಾಶ್ ಪ್ಲೇಯರ್ ತಂತ್ರಾಂಶವು ಅದನ್ನು ಪಾಲಿಸಿರಲಿಲ್ಲ. ಹಳೆಯ ವಿಧಾನದಲ್ಲಿ ಈ ಲೋಪ ಹೊರಗೆ ಕಾಣಿಸಿರಲಿಲ್ಲ. ಹೊಸ ವಿಧಾನದಲ್ಲಿ ಧ್ವನಿ ಕೆಟ್ಟು ಕೇಳತೊಡಗಿತು. ಫೆಡೋರಾ 14ರ ಬಳಕೆದಾರರು ದೂರಿದಾಗ, ತಪ್ಪು ಫ್ಲ್ಯಾಶ್‌ನದೇ ಎಂದು ಒಂದು ಪಕ್ಷ ವಾದಿಸಿತು. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದುದು ಇಂದು ಕೆಟ್ಟರೆ ಬಳಕೆದಾರನಿಗೆ ನಿಯಮದ ವಿವರಣೆಯಿಂದ ಪ್ರಯೋಜನವಿಲ್ಲವೆಂದು ಲಿನಸ್ ಟೊರ್ವಾಲ್ಡ್ಸ್ ಮೊದಲಾದವರು ವಾದಿಸಿದರು. 2011ರ 2.14ನೆಯ ಆವೃತ್ತಿಯಲ್ಲಿ ಮಧ್ಯಮಾರ್ಗ ದೊರೆಯಿತು: ಹಳೆಯ ತಂತ್ರಾಂಶಗಳಿಗೆ ಹಳೆಯ ವರ್ತನೆಯೇ ಸಿಗುವಂತೆ, ಹೊಸದಾಗಿ ಸಿದ್ಧವಾಗುವವುಗಳಿಗೆ ಹೊಸ ವರ್ತನೆ ಸಿಗುವಂತೆ ಒಂದೇ ಹೆಸರಿಗೆ ಎರಡು ಆವೃತ್ತಿಗಳನ್ನು ಇರಿಸಲಾಯಿತು. ಲಿನಕ್ಸ್ ಕರ್ನೆಲ್‌ನ ನೀತಿಯೂ ಗಮನಾರ್ಹ. ಹೊರಗಿನ ತಂತ್ರಾಂಶಗಳು ಕಾಣುವ ಇಂಟರ್‌ಫೇಸನ್ನು ಅದು ಕೆಡಿಸುವುದಿಲ್ಲ. ಒಳಗಿನ ಭಾಗಗಳ ನಡುವಿನ ಇಂಟರ್‌ಫೇಸ್‌ಗೆ ಮಾತ್ರ ಅಂಥ ಭರವಸೆ ನೀಡದೆ ಸುಧಾರಣೆಗೆ ಅವಕಾಶ ಉಳಿಸಿಕೊಂಡಿದೆ. ಎಲ್ಲಿ ಸ್ಥಿರತೆ, ಎಲ್ಲಿ ತಿದ್ದುಪಡಿ ಎಂಬ ಸ್ತರಭೇದವೇ ಈ ನೀತಿಯ ಸಾರ.

ಫಾಂಟ್ ಸಂಕೇತಗಳ ಕಾಲ

ಕನ್ನಡವು ಗಣಕವನ್ನು ಪ್ರವೇಶಿಸಿದ ಮೊದಲ ಘಟ್ಟದಲ್ಲಿ ಇಂಥ ಸ್ತರಭೇದವಿರಲಿಲ್ಲ. ಸೇಡಿಯಾಪು ತಂತ್ರಾಂಶ ಮತ್ತು ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್, 1998ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು ಚಂದ್ರಶೇಖರನ್, ‘ನುಡಿ’ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತು ಇವರೆಲ್ಲರ ಪರಿಶ್ರಮದಿಂದ ಕಚೇರಿ ಮತ್ತು ಮುದ್ರಣಾಲಯಗಳಲ್ಲಿ ಕನ್ನಡ ನೆಲೆಯೂರಿತು. ಆದರೆ ಅಂದಿನ ಕಾರ್ಯಾಚರಣ ವ್ಯವಸ್ಥೆಗಳು ಕನ್ನಡವನ್ನು ಅರಿಯುತ್ತಿರಲಿಲ್ಲ. ಆದುದರಿಂದ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿ, ಅವುಗಳನ್ನು ಜೋಡಿಸಿ ಕನ್ನಡವನ್ನು ತೋರಿಸುವ ಉಪಾಯವನ್ನು ಅನುಸರಿಸಬೇಕಾಯಿತು.

‘ರೋಣ’ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ನುಡಿ ಫಾಂಟಿನಲ್ಲಿ ಇದು ಐದು ತುಣುಕುಗಳಾಗಿ ಸಂಗ್ರಹವಾಗುತ್ತದೆ: ರಕಾರದ ದೇಹ, ಎತ್ವದ ಭಾಗ, ಊತ್ವದ ಭಾಗ, ದೀರ್ಘದ ಗುರುತು ಮತ್ತು ಣಕಾರ. ಗಣಕದ ದೃಷ್ಟಿಯಲ್ಲಿ ಇವು ಕನ್ನಡವಲ್ಲ, ಅರ್ಥವಿಲ್ಲದ ಐದು ರೋಮನ್ ಚಿಹ್ನೆಗಳು. ಫಾಂಟು ಇರುವವರೆಗೆ ‘ರೋಣ’ ಕಾಣುತ್ತದೆ. ಫಾಂಟು ಇಲ್ಲವಾದರೆ ಊರಿನ ಹೆಸರೇ ಮಾಯವಾಗುತ್ತದೆ. ಅಕ್ಷರದ ಗುರುತು ಮತ್ತು ಅಕ್ಷರದ ಚಿತ್ರ ಇಲ್ಲಿ ಒಂದೇ ಆಗಿದ್ದವು. ಹೀಗಾಗಿ ಒಂದು ಒತ್ತಕ್ಷರದ ಚಿತ್ರವನ್ನು ಉತ್ತಮಪಡಿಸಲು ತುಣುಕುಗಳ ಸ್ಥಾನವನ್ನು ಬದಲಿಸಿದರೆ ಆವರೆಗೆ ಸಿದ್ಧವಾದ ಕಡತಗಳೆಲ್ಲ ಕೆಡುತ್ತಿದ್ದವು. ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ತುಣುಕುವಿನ್ಯಾಸ ಹೊಂದಿದ್ದರಿಂದ ಒಂದರ ಕಡತವನ್ನು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. ತುಣುಕುಗಳ ಸಂಕೇತವನ್ನು ಏಕರೂಪಗೊಳಿಸಲು ಕರ್ನಾಟಕ ಸರ್ಕಾರ ಮುಂದಾದುದು ಈ ಅರಾಜಕತೆಯನ್ನು ನೀಗುವುದಕ್ಕಾಗಿ. ಅದರಿಂದ ವಿನಿಮಯ ಸುಗಮವಾಯಿತಾದರೂ ಗುರುತು ಮತ್ತು ಚಿತ್ರಗಳ ಬೆಸುಗೆ ಬಿಡಲಿಲ್ಲ.

ಯೂನಿಕೋಡ್ ಮತ್ತು ಸ್ಥಿರತೆಯ ನೀತಿ

ಭಾರತೀಯ ಲಿಪಿಗಳ ಧ್ವನ್ಯಾತ್ಮಕ ಸಾಮ್ಯವನ್ನು ಆಧರಿಸಿದ ‘ಇಸ್ಕಿ’ ಸಂಕೇತವು ಇದಕ್ಕೆ ಪರ್ಯಾಯ ಮಾರ್ಗವನ್ನು ತೋರಿಸಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯು ಇಸ್ಕಿಯ 1988ರ ರೂಪವನ್ನು ಆಧಾರವಾಗಿಟ್ಟುಕೊಂಡು ಭಾರತೀಯ ಲಿಪಿಗಳಿಗೆ ತಲಾ 128 ಸ್ಥಾನಗಳ ವಿಭಾಗಗಳನ್ನು ಒದಗಿಸಿತು. ದಶಮಾನ ಲೆಕ್ಕದಲ್ಲಿ 3200ರಿಂದ 3327ರವರೆಗಿನ ಸ್ಥಾನಗಳು ಕನ್ನಡಕ್ಕೆ ದೊರೆತವು. ಈ ಪದ್ಧತಿಯಲ್ಲಿ ‘ರೋಣ’ ಮೂರು ಸಂಕೇತಗಳ ಪದ: ರಕಾರ 3248, ಓತ್ವ 3275, ಣಕಾರ 3235. ‘ನರಗುಂದ’ಕ್ಕೆ ಆರು, ‘ಗಜೇಂದ್ರಗಡ’ಕ್ಕೆ ಒಂಬತ್ತು ಸಂಕೇತಗಳು. ಗಜೇಂದ್ರಗಡದ ದಕಾರಕ್ಕೆ ರಕಾರದ ಒತ್ತು ಹೇಗೆ ಕಾಣಬೇಕೆಂಬುದು ಫಾಂಟು ಮತ್ತು ಅಕ್ಷರಜೋಡಣೆಯ ತಂತ್ರಾಂಶದ ಹೊಣೆ. ಸಂಗ್ರಹವಾದ ಪಠ್ಯಕ್ಕೆ ಅದರ ಸೋಂಕಿಲ್ಲ. ಗುರುತು ಮತ್ತು ಚಿತ್ರಗಳು ಹೀಗೆ ಬೇರ್ಪಟ್ಟವು.

ಯೂನಿಕೋಡ್ ಆರಂಭದಿಂದಲೇ ಸ್ಥಿರವಾಗಿರಲಿಲ್ಲ. 1.1ನೆಯ ಆವೃತ್ತಿಯಲ್ಲಿ 6656ರಷ್ಟಿದ್ದ ಕೊರಿಯನ್ ಭಾಷೆಯ ಅಕ್ಷರಗುಚ್ಛಗಳನ್ನು 1996ರ 2.0 ಆವೃತ್ತಿಯಲ್ಲಿ ಕೈಬಿಟ್ಟು, 11172 ಗುಚ್ಛಗಳ ಪೂರ್ಣಸಮೂಹವನ್ನು ಬೇರೆಡೆ ಇರಿಸಲಾಯಿತು. ತಾತ್ತ್ವಿಕವಾಗಿ ಇದು ಸಮರ್ಥನೀಯ ಸುಧಾರಣೆ. ಆದರೆ ಹಳೆಯ ಸಂಕೇತದಲ್ಲಿದ್ದ ಕೊರಿಯನ್ ಪಠ್ಯ ಅರ್ಥಹೀನವಾಯಿತು. ಇಂಥ ಪಲ್ಲಟ ಮತ್ತೆ ಸಂಭವಿಸಬಾರದೆಂದು, 2.0 ಆವೃತ್ತಿಯಿಂದ ಮೊದಲ್ಗೊಂಡು ಒಮ್ಮೆ ಸೇರಿದ ಅಕ್ಷರವನ್ನು ಸ್ಥಳಾಂತರಿಸುವುದಿಲ್ಲ, ತೆಗೆಯುವುದಿಲ್ಲ, ಅದರ ಅಧಿಕೃತ ಹೆಸರನ್ನು ಬದಲಿಸುವುದಿಲ್ಲ ಎಂಬ ನೀತಿ ಜಾರಿಗೆ ಬಂದಿತು. ಸಂಯುಕ್ತ ಚಿಹ್ನೆಗಳನ್ನು ಬಿಡಿಸುವ ಮತ್ತು ಕೂಡಿಸುವ ನಿಯಮಗಳಿಗೂ 3.1 ಆವೃತ್ತಿಯಿಂದ ಇದೇ ರಕ್ಷಣೆ ದೊರೆಯಿತು. ಕನ್ನಡದ ಓತ್ವದ ಚಿಹ್ನೆಯನ್ನು ಎತ್ವ, ಊತ್ವ, ದೀರ್ಘ ಎಂದು ಬಿಡಿಸಿ ಬರೆದರೂ ಅದು ಇಡಿಯ ಓತ್ವಕ್ಕೆ ಸಮಾನವೆಂಬುದು ಈ ನಿಯಮಗಳಲ್ಲೊಂದು. ಒಂದೆಡೆ ಬಿಡಿಸಿ ಬರೆದ ‘ರೋಣ’ ಮತ್ತು ಇನ್ನೊಂದೆಡೆ ಕೂಡಿಸಿ ಬರೆದ ‘ರೋಣ’ ಒಂದೇ ಊರೆಂದು ಗಣಕವು ಗುರುತಿಸಬೇಕಾದರೆ ಈ ನಿಯಮ ಅಲುಗಾಡಬಾರದು.

ೞಕಾರದ ತಪ್ಪು ಹೆಸರು

ಸ್ಥಿರತೆಯ ಬೆಲೆಯನ್ನು ಕನ್ನಡವು ತೆತ್ತದ್ದು ೞಕಾರದ ವಿಷಯದಲ್ಲಿ. ‘ಏೞ್’, ‘ಬಾೞ್’, ‘ಪೊೞಲ್’ ಮೊದಲಾದ ಹಳಗನ್ನಡ ಪದಗಳಲ್ಲಿರುವ ಈ ಅಕ್ಷರದ ಬಳಕೆಯನ್ನು ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪ್ರತ್ಯೇಕವಾಗಿ ವಿವೇಚಿಸಿದ್ದಾನೆ. ಆಡುನುಡಿಯಲ್ಲಿ ಇದರ ಉಚ್ಚಾರಣೆ ನಶಿಸಿ, ಅದರ ಸ್ಥಾನವನ್ನು ಕೆಲವೆಡೆ ಳಕಾರ, ಕೆಲವೆಡೆ ರಕಾರ ಆಕ್ರಮಿಸಿದುದು ಕನ್ನಡದ ಧ್ವನಿಚರಿತ್ರೆಯ ಮುಖ್ಯ ಅಧ್ಯಾಯ.

ಯೂನಿಕೋಡ್ ವಿಭಾಗಗಳಲ್ಲಿ ಆರಂಭದಿಂದ 52ನೆಯ ಅಂತರದಲ್ಲಿರುವ ಸ್ಥಾನ ಈ ಅಕ್ಷರವರ್ಗಕ್ಕೆ ಸೇರಿದುದು. ತಮಿಳಿನಲ್ಲಿ 2996, ಮಲಯಾಳದಲ್ಲಿ 3380 ಸಂಕೇತಗಳಲ್ಲಿ ಇದರ ಸಮಾನಾಕ್ಷರಗಳಿವೆ. ತೆಲುಗಿನ ಪ್ರಾಚೀನ ಅಕ್ಷರವೂ 2014ರ 7.0 ಆವೃತ್ತಿಯಲ್ಲಿ 3124ನೆಯ ಸ್ಥಾನಕ್ಕೆ, ಎಂದರೆ ಅದೇ ಅಂತರಕ್ಕೆ ಬಂದು ಸೇರಿತು. ಕನ್ನಡದಲ್ಲಿ ಮಾತ್ರ 3252ನೆಯ ಸ್ಥಾನ ಬರಿದಾಗಿದೆ. ಕನ್ನಡದ ೞಕಾರವಿರುವುದು ಸ್ವರಚಿಹ್ನೆಗಳನ್ನು ದಾಟಿ, 94ನೆಯ ಅಂತರದ 3294ರಲ್ಲಿ. ಅಲ್ಲಿ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಅಕ್ಷರ ಫ಼’ ಎಂದಿದೆ. ದೇವನಾಗರಿಯಲ್ಲಿ ಇದೇ ಅಂತರದಲ್ಲಿ, ಎಂದರೆ 2398ರಲ್ಲಿ, ಅರಬ್ಬಿ-ಪಾರಸಿ ಪದಗಳಿಗಾಗಿ ನುಕ್ತ ಹಾಕಿದ ಫ಼ಕಾರವಿದೆ; ಗುರುಮುಖಿಯಲ್ಲಿಯೂ ಹಾಗೆಯೇ. ಸಮಾನಾಂತರ ಕೋಷ್ಟಕದಲ್ಲಿ ನೆರೆಯ ಲಿಪಿಯ ಹೆಸರು ಕನ್ನಡದ ಅಕ್ಷರಕ್ಕೆ ಅಂಟಿಕೊಂಡಿತೆಂದು ಇದರಿಂದ ಊಹಿಸಬಹುದಾಗಿದೆ. ಆಕೃತಿ ೞಕಾರದ್ದು, ಹೆಸರು ಫ಼ಕಾರದ್ದು.

ತಪ್ಪು ಗೊತ್ತಾದ ಮೇಲೂ ಹೆಸರನ್ನು ತಿದ್ದಲು ನೀತಿ ಅವಕಾಶ ನೀಡಲಿಲ್ಲ. ಕೆಲವು ಗಣಕಭಾಷೆಗಳು ಅಕ್ಷರವನ್ನು ಅದರ ಅಧಿಕೃತ ಹೆಸರಿನಿಂದಲೇ ಕರೆಯುತ್ತವೆ. ಹೆಸರು ಬದಲಾದರೆ ಅಂಥ ತಂತ್ರಾಂಶಗಳು ಮುರಿಯುತ್ತವೆ. ಆದುದರಿಂದ ಮೂಲ ಹೆಸರನ್ನು ಉಳಿಸಿ, ಕೋಷ್ಟಕದಲ್ಲಿ ಈ ಹೆಸರು ತಪ್ಪೆಂಬ ಟಿಪ್ಪಣಿಯನ್ನು ಸೇರಿಸಲಾಯಿತು. ಜೊತೆಗೆ ತಿದ್ದುಪಡಿಯ ರೂಪದ ಅಧಿಕೃತ ಪರ್ಯಾಯನಾಮವೊಂದನ್ನು ನೀಡಿ, ಅದು ೞಕಾರವೇ ಎಂದು ಸ್ಪಷ್ಟಪಡಿಸಲಾಯಿತು. ಇದು ಫ್ಲೀಟ್ ಮತ್ತು ಬಾರ್ನೆಟ್ ಅನುಸರಿಸಿದ ಕ್ರಮವೇ: ಪಾಠ ಇದ್ದಂತೆ ಇರಲಿ, ತಿದ್ದುಪಡಿ ಅದರ ಪಕ್ಕದಲ್ಲಿರಲಿ.

ಈ ಪರಿಹಾರದಿಂದ ಕನ್ನಡಕ್ಕೆ ನಷ್ಟವಾಯಿತೆ ಎಂಬ ಪ್ರಶ್ನೆ ಸಹಜ. ಹೆಸರು ತಪ್ಪಾದರೂ ಸಂಕೇತ ಸ್ಥಿರವಾಗಿರುವುದರಿಂದ ೞಕಾರವುಳ್ಳ ಪಠ್ಯ ಸುರಕ್ಷಿತವಾಗಿದೆ. ಸಂಕೇತಗಳ ಅನುಕ್ರಮದಲ್ಲಿ ಅದು ವ್ಯಂಜನಗಳಿಂದ ದೂರವಿದ್ದರೂ ಅಕಾರಾದಿ ಕ್ರಮವನ್ನು ಪ್ರತ್ಯೇಕ ಕೋಷ್ಟಕವು ನಿರ್ಧರಿಸುವುದರಿಂದ ನಿಘಂಟುಗಳಿಗೆ ಅಡ್ಡಿಯಿಲ್ಲ. ನಿಜವಾದ ನಷ್ಟ ಬೇರೆಡೆ ಇದೆ. ಫಾಂಟಿನಲ್ಲಿ ಅಕ್ಷರ ಸಿಗದೆ, ಅಥವಾ ಹೆಸರಿನಿಂದ ಹುಡುಕಿ ಕಾಣದೆ, ಬೆರಳಚ್ಚುಗಾರರು ೞಕಾರದ ಎಡೆಯಲ್ಲಿ ಳಕಾರವನ್ನು ಹಾಕಿದರೆ ಶಾಸನದ ಸಾಕ್ಷ್ಯವೇ ಅಳಿಯುತ್ತದೆ. ಹನ್ನೊಂದು ಹನ್ನೆರಡನೆಯ ಶತಮಾನಗಳ ಶಾಸನಗಳಲ್ಲಿ ಎಲ್ಲಿ ೞಕಾರ ಉಳಿದಿದೆ, ಎಲ್ಲಿ ಳಕಾರ ಬಂದಿದೆ ಎಂಬ ಬೆರಕೆಯೇ ಧ್ವನಿಪರಿವರ್ತನೆಯ ಕಾಲವನ್ನು ತಿಳಿಯುವ ಆಧಾರ. ಶಿಷ್ಟತೆಯಲ್ಲಿ ಉಳಿದ ತಪ್ಪಿಗಿಂತ, ಪಠ್ಯದಲ್ಲಿ ಸದ್ದಿಲ್ಲದೆ ನಡೆದ ಇಂಥ ‘ತಿದ್ದುಪಡಿ’ ಹೆಚ್ಚು ಹಾನಿಕರ.

ಕೂಡಿಸಿ ತಿದ್ದುವ ಮಾರ್ಗ

ಇರುವುದನ್ನು ಬದಲಿಸದೆ ಇಲ್ಲದುದನ್ನು ಸೇರಿಸುವುದು ಯೂನಿಕೋಡಿನಲ್ಲಿ ದೋಷನಿವಾರಣೆಯ ಮುಖ್ಯ ಮಾರ್ಗವಾಯಿತು. 2003ರ 4.0 ಆವೃತ್ತಿಯಲ್ಲಿ ಕನ್ನಡಕ್ಕೆ ನುಕ್ತ ಮತ್ತು ಅವಗ್ರಹಗಳು ಬಂದವು. ಹಳೆಯ ಬರಹಗಳಲ್ಲಿ ಸ್ವರರಹಿತ ನಕಾರವನ್ನು ಸೂಚಿಸುತ್ತಿದ್ದ ‘ನಕಾರಪೊಲ್ಲು’ 2021ರ 14.0 ಆವೃತ್ತಿಯಲ್ಲಿ 3293ನೆಯ ಸ್ಥಾನವನ್ನು ಪಡೆದು, ೞಕಾರದ ನೆರೆಯಲ್ಲಿಯೇ ಕುಳಿತಿತು. ಶಾಸನಪಾಠಗಳನ್ನು ಯಥಾವತ್ತಾಗಿ ಗಣಕಕ್ಕೆ ಅಳವಡಿಸುವವರಿಗೆ ಇಂಥ ಸೇರ್ಪಡೆಗಳು ಮಹತ್ವದವು.

ರಕಾರದ ಸಂಯುಕ್ತಾಕ್ಷರಗಳ ಸಮಸ್ಯೆ ಇನ್ನೊಂದು ಬಗೆಯದು. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಿಂದಲೂ, ರಕಾರಕ್ಕೆ ಯಕಾರದ ಒತ್ತನ್ನು ಕೊಟ್ಟು ‘ಸೂರ‍್ಯ’ ಎಂದೂ ಬರೆಯುವ ರೂಢಿಗಳಿವೆ. ಸಾಮಾನ್ಯ ಅನುಕ್ರಮವು ಅರ್ಕಾವತ್ತನ್ನು ನೀಡುತ್ತದೆ. ಎರಡನೆಯ ರೂಪ ಬೇಕಾದಾಗ ರಕಾರದ ಅನಂತರ, ವಿರಾಮಚಿಹ್ನೆಗೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಇರಿಸಬೇಕೆಂದು ಶಿಷ್ಟತೆ ವಿಧಿಸಿತು. ಇದರಿಂದ ಆವರೆಗಿನ ಪಠ್ಯಗಳ ರೂಪ ಬದಲಾಗಲಿಲ್ಲ. ಆದರೆ ನೋಟಕ್ಕೆ ಒಂದೇ ಪದದ ಎರಡು ಬರಹಗಳು ಗಣಕಕ್ಕೆ ಐದು ಮತ್ತು ಆರು ಸಂಕೇತಗಳ ಬೇರೆ ಪದಗಳಾದವು. ಜೋಡಕವನ್ನು ಕಡೆಗಣಿಸಿ ಹುಡುಕುವ ಜಾಣ್ಮೆಯಿಲ್ಲದ ಗ್ರಂಥಸೂಚಿಗಳಲ್ಲಿ ಒಂದನ್ನು ಹುಡುಕಿದವರಿಗೆ ಇನ್ನೊಂದು ದೊರೆಯುವುದಿಲ್ಲ. ಸ್ಥಿರತೆಯನ್ನು ಕಾಯ್ದ ಪರಿಹಾರವೂ ತನ್ನದೇ ಭಾರವನ್ನು ಹೊರಿಸುತ್ತದೆಂಬುದಕ್ಕೆ ಇದು ಸಾಕ್ಷಿ.

ಕಾರ್ಯಾಚರಣ ವ್ಯವಸ್ಥೆಗಳಿಗೆ ಈ ಸ್ತರಭೇದದಿಂದ ಪ್ರಯೋಜನವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ‘ತುಂಗಾ’ ಫಾಂಟಿನೊಡನೆ ಯೂನಿಕೋಡ್ ಬೆಂಬಲ ದೊರೆಯಿತು. ಅನಂತರ ಫಾಂಟುಗಳು ಮತ್ತು ಅಕ್ಷರಜೋಡಣೆಯ ತಂತ್ರಾಂಶಗಳು ಅನೇಕ ಸಲ ಪರಿಷ್ಕಾರಗೊಂಡವು. ಅಂದು ಟೈಪಿಸಿದ ಯೂನಿಕೋಡ್ ಪಠ್ಯವನ್ನು ಇಂದಿನ ಕೈಫೋನಿನಲ್ಲಿ ತೆರೆದರೂ ಅದು ಕನ್ನಡವಾಗಿಯೇ ಇರುತ್ತದೆ. ಅದೇ ಕಾಲದಲ್ಲಿ ಫಾಂಟ್ ಸಂಕೇತದಲ್ಲಿ ಸಿದ್ಧವಾದ ಗ್ರಂಥಗಳನ್ನು ಪರಿವರ್ತನೆಗೆ ಒಳಪಡಿಸದೆ ಓದಲಾಗದು, ಹುಡುಕಲಾಗದು. ಪರಿವರ್ತನೆಯಲ್ಲಿ ವಿರಳ ಒತ್ತಕ್ಷರಗಳು ತಪ್ಪುವುದೂ ಉಂಟು.

ಭೂದಾಖಲೆಗಳಲ್ಲಿ ಇದೇ ತತ್ತ್ವ

ಈ ತತ್ತ್ವ ರೋಣ, ನರಗುಂದ ಸೀಮೆಯ ರೈತರಿಗೆ ಅಪರಿಚಿತವಲ್ಲ. ಈ ಭಾಗವು 1956ರವರೆಗೆ ಧಾರವಾಡ ಜಿಲ್ಲೆಯ ಅಂಗವಾಗಿ ಮುಂಬಯಿ ಆಡಳಿತದಲ್ಲಿತ್ತು. ನರಗುಂದ ಸಂಸ್ಥಾನವು 1858ರ ಬಂಡಾಯದ ಅನಂತರ ಬ್ರಿಟಿಷರ ವಶವಾಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರ ಹೆಸರಿನೊಡನೆ ಬೆಸೆದ ಮುಂಬಯಿಯ ಮೋಜಣಿ ಪದ್ಧತಿಯಲ್ಲಿ ಪ್ರತಿ ಹೊಲಕ್ಕೂ ಸರ್ವೆ ನಂಬರು ನಿಗದಿಯಾಯಿತು. ಹೊಲ ಪಾಲಾದಾಗ ಮೂಲ ಸಂಖ್ಯೆ ಅಳಿಯುವುದಿಲ್ಲ. ಅದರ ಕೆಳಗೆ ಹಿಸ್ಸಾ ಸಂಖ್ಯೆಗಳು ಸೇರುತ್ತವೆ. ಹಕ್ಕು ಬದಲಾದಾಗ ಮ್ಯುಟೇಶನ್ ವಹಿಯಲ್ಲಿ ದಾಖಲಾಗಿ, ಅದರ ಸಂಖ್ಯೆ ಪಹಣಿಯಲ್ಲಿ ನಮೂದಾಗುತ್ತದೆ. ತಿದ್ದುಪಡಿಯು ತನ್ನ ಜಾಡನ್ನು ಬಿಟ್ಟುಹೋಗುತ್ತದೆ. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ನಡೆದ ರೈತ ಬಂಡಾಯವನ್ನು ನೆನೆದರೆ, ಜಮೀನಿನ ನಮೂದು ಇಲ್ಲಿಯವರ ಬದುಕಿನಲ್ಲಿ ಎಷ್ಟು ತೂಕದ್ದೆಂಬುದು ಮನವರಿಕೆಯಾಗುತ್ತದೆ.

ಎರಡು ಸಾವಿರದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ರೋಣ, ನರಗುಂದಗಳು ಆಗ 1997ರಲ್ಲಿ ರಚಿತವಾದ ಗದಗ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಸೇರಿದ್ದವು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಅನುಕ್ರಮವೇ ಒಂದು ಹೊಲದ ವಿಳಾಸ. 2018ರಲ್ಲಿ ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾದಾಗ ಈ ವಿಳಾಸದ ಒಂದು ಮೆಟ್ಟಿಲು ಬದಲಾಯಿತು. ಅದಕ್ಕೂ ಮೊದಲಿನ ಕ್ರಯಪತ್ರ, ಸಾಲಪತ್ರ, ನ್ಯಾಯಾಲಯದ ತೀರ್ಪುಗಳಲ್ಲಿ ‘ರೋಣ ತಾಲ್ಲೂಕು’ ಎಂದೇ ಇದೆ. ಆ ಪತ್ರಗಳನ್ನು ಯಾರೂ ತಿದ್ದುವುದಿಲ್ಲ. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ದಾರಿ ತೋರಿಸುವ ಸಂಬಂಧವನ್ನು ಕಾಪಾಡುವುದಷ್ಟೇ ಅಗತ್ಯ. ರೈಲ್ವೆಯ ಉದಾಹರಣೆಯೂ ಸಮೀಪದಲ್ಲಿದೆ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು, ನಿಲ್ದಾಣಕ್ಕೆ ಹೊಸ ಹೆಸರೂ ಬಂದಿತು. ‘ಯುಬಿಎಲ್’ ಎಂಬ ಸಂಕೇತ ಮಾತ್ರ ಉಳಿಯಿತು. ಜನರು ಓದುವ ಹೆಸರನ್ನು ತಿದ್ದಬಹುದು. ವ್ಯವಸ್ಥೆಗಳು ನೆಚ್ಚಿದ ಗುರುತನ್ನು ಕದಲಿಸಲಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸ್ಥಿರತೆ ಮತ್ತು ದೋಷನಿವಾರಣೆಗಳು ಪರಸ್ಪರ ವಿರೋಧಿಗಳಾಗುವುದು ಎರಡೂ ಒಂದೇ ಸ್ತರದಲ್ಲಿ ಸೆಣಸುವಾಗ. ಫಾಂಟ್ ಸಂಕೇತಗಳ ಕಾಲದ ಬಿಕ್ಕಟ್ಟು ಈ ಬಗೆಯದು. ಗುರುತು, ರೂಪ, ಕ್ರಮ, ಹೆಸರು ಇವುಗಳನ್ನು ಬೇರ್ಪಡಿಸಿದಾಗ ಗುರುತನ್ನು ಸ್ಥಿರವಾಗಿರಿಸಿ ಉಳಿದವನ್ನು ಪರಿಷ್ಕರಿಸಲು ಸಾಧ್ಯವಾಗುತ್ತದೆ. ಅಧಿಕೃತ ಹೆಸರೂ ಗುರುತಿನಂತೆ ಬಳಕೆಯಾಗಿಬಿಟ್ಟಿದ್ದರೆ, ೞಕಾರದಲ್ಲಿ ಆದಂತೆ, ಪರ್ಯಾಯನಾಮವೇ ಉಳಿಯುವ ದಾರಿ.

ಗ್ರಂಥಾಲಯಗಳಿಗೂ ಸಂಶೋಧಕರಿಗೂ ಇದರಿಂದ ಒದಗುವ ಹೊಣೆ ಚಿಕ್ಕದಲ್ಲ. ಫಾಂಟ್ ಸಂಕೇತದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಮೂಲ ಕಡತವನ್ನು ಕಳೆಯದೆ ಕಾಪಿಡಬೇಕು. ಶಾಸನಪಾಠಗಳಲ್ಲಿ ೞಕಾರ, ಱಕಾರಗಳನ್ನು ಅವುಗಳದೇ ಸಂಕೇತಗಳಲ್ಲಿ ಉಳಿಸಿ, ಹೊಸಗನ್ನಡ ರೂಪವನ್ನು ಶೋಧನೆಗಾಗಿ ಪ್ರತ್ಯೇಕವಾಗಿ ನೀಡಬೇಕು. ಗ್ರಂಥಸೂಚಿಗಳಲ್ಲಿ ಹಳೆಯ ತಾಲ್ಲೂಕಿನ ಹೆಸರನ್ನು ಅಳಿಸದೆ ಹೊಸದನ್ನು ಜೋಡಿಸಬೇಕು. ಸೂಡಿಯ ಕಲ್ಲನ್ನು ಯಾರೂ ಮತ್ತೆ ಕಂಡರಿಸಲಿಲ್ಲ. ಅದರ ತಪ್ಪುಗಳನ್ನು ಟಿಪ್ಪಣಿಯಲ್ಲಿ ಬರೆದರು. ಆದುದರಿಂದಲೇ ಟಿಪ್ಪಣಿ ಬರೆದವರ ನಿರ್ಣಯವನ್ನು ಮುಂದಿನ ವಿದ್ವಾಂಸರು ಮೂಲದೊಡನೆ ಹೋಲಿಸಿ ಪರೀಕ್ಷಿಸಲು ಸಾಧ್ಯವಾಗಿದೆ.